ಕೊಲೆಗಾರನಿಗೆ ಉಸಿರಿರುವವರೆಗೂ ಜೈಲು: ಗಲ್ಲು ತಪ್ಪಿಸಿದ ಶಿಕ್ಷೆಗೆ ಮರುಪರಿಶೀಲನೆಯ ಬಾಗಿಲೂ ಬೇಕು

ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಆಂಧ್ರ ಮತ್ತು ತಮಿಳುನಾಡು ಗಡಿಗೆ ಹತ್ತಿರದ ಹೋಬಳಿ ಕೇಂದ್ರ. ಆನೆ ದಾಳಿಯ ಸುದ್ದಿ ಬಿಟ್ಟರೆ ಪತ್ರಿಕೆಗಳಲ್ಲಿ ಈ ಊರಿನ ಹೆಸರು ಬರುವುದು ಅಪರೂಪ. 2023ರ ಜೂನ್ ಕೊನೆಯ ವಾರ ಮಾತ್ರ ಈ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಕಾಣಿಸಿತು. ಕಾಮಸಮುದ್ರ ಪೊಲೀಸ್ ಠಾಣೆ ವ್ಯಾಪ್ತಿಯ ಬೋಡಗುರ್ಕಿ ಗ್ರಾಮದಲ್ಲಿ ಬೇರೆ ಜಾತಿಯ ಯುವಕನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಯುವತಿಯೊಬ್ಬಳನ್ನು ಕೊಂದ ಆರೋಪದ ಮೇಲೆ ಆಕೆಯ ತಂದೆಯನ್ನೇ ಪೊಲೀಸರು ಬಂಧಿಸಿದರು. ಸುದ್ದಿ ತಿಳಿದ ಆ ದಲಿತ ಯುವಕ ರೈಲಿಗೆ ತಲೆಕೊಟ್ಟ. ಒಂದೇ ದಿನದಲ್ಲಿ ಒಂದೇ ಊರಿನ ಎರಡು ಮನೆಗಳ ದೀಪ ಆರಿತು.

ಆರೋಪ ನಿಜವೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ಅಂಗಡಿ ಕಟ್ಟೆಯಲ್ಲಿ, ಬಸದಿಯ ಪ್ರಾಂಗಣದಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಕೊಲೆ ಮಾಡಿದವನನ್ನು ಏನು ಮಾಡಬೇಕು? ಗಲ್ಲಿಗೇರಿಸಬೇಕೇ? ಸಾಯುವವರೆಗೂ ಒಳಗಿಡಬೇಕೇ? ಅಥವಾ ಹದಿನಾಲ್ಕು ವರ್ಷಕ್ಕೆ ಬಿಟ್ಟುಬಿಡಬೇಕೇ? ಅಹಿಂಸೆಯನ್ನು ಪರಮ ಧರ್ಮವೆಂದು ಒಪ್ಪಿದ ಸಮಾಜಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅದೇ 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕು ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆ ಸಮಾಜವನ್ನೇ ನಡುಗಿಸಿತು. ಇಬ್ಬರ ಬಂಧನವಾಯಿತು, ತನಿಖೆ ಸಿಐಡಿಗೆ ಹೋಯಿತು. ಆ ದಿನಗಳಲ್ಲಿ ಶ್ರಾವಕರ ಬಾಯಲ್ಲೂ ಗಲ್ಲು ಎಂಬ ಮಾತು ಬಂದದ್ದು ಸುಳ್ಳಲ್ಲ. ನೋವಿನಲ್ಲಿ ಬಂದ ಆ ಮಾತನ್ನು ಯಾರೂ ತಪ್ಪೆನ್ನಲಾರರು. ಆದರೆ ನೋವಿನ ದಿನ ದಾಟಿದ ಮೇಲೆ ತಣ್ಣಗೆ ಕುಳಿತು ಯೋಚಿಸಬೇಕಾದ ವಿಷಯ ಇದು.

ಜೀವಾವಧಿ ಎಂದರೆ ಹದಿನಾಲ್ಕು ವರ್ಷವೇ?

ಜನರಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆ ಮೊದಲು ಹೋಗಬೇಕು. ಜೀವಾವಧಿ ಶಿಕ್ಷೆ ಎಂದರೆ 14 ವರ್ಷ ಎಂದು ಬಹಳಷ್ಟು ಮಂದಿ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಗಾಂಧೀಜಿ ಹತ್ಯೆ ಪ್ರಕರಣದ ಅಪರಾಧಿ ಗೋಪಾಲ ಗೋಡ್ಸೆ ತನ್ನ ಶಿಕ್ಷೆಯ ಅವಧಿ ಮುಗಿದಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, 1961ರಲ್ಲೇ ನ್ಯಾಯಾಲಯ ವಿಷಯವನ್ನು ಸ್ಪಷ್ಟಪಡಿಸಿತು. ಜೀವಾವಧಿ ಎಂದರೆ ಅಪರಾಧಿಯ ಉಳಿದ ಆಯುಷ್ಯ ಪೂರ್ತಿ. ಅದಕ್ಕಿಂತ ಮೊದಲು ಹೊರಬರಬೇಕಾದರೆ ಸರ್ಕಾರ ಶಿಕ್ಷೆಯನ್ನು ಕಡಿತಗೊಳಿಸಿ ಆದೇಶ ಹೊರಡಿಸಬೇಕು. ಅದು ಕೈದಿಯ ಹಕ್ಕಲ್ಲ. ಗೋಡ್ಸೆ 1964ರಲ್ಲಿ ಬಿಡುಗಡೆಯಾದದ್ದೂ ಸರ್ಕಾರದ ಆದೇಶದಿಂದಲೇ.

ಹಾಗಾದರೆ ಈ 14 ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433-ಎ ಕಲಂ ಸೇರಿತು. ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನನ್ನು ಕನಿಷ್ಠ 14 ವರ್ಷ ಸೆರೆವಾಸ ಮುಗಿಯದೆ ಬಿಡುವಂತಿಲ್ಲ ಎಂದು ಅದು ಹೇಳುತ್ತದೆ. ಅಂದರೆ 14 ವರ್ಷ ಕೆಳಗಿನ ಮಿತಿ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಅದು ಸಾಲ ತೀರುವ ದಿನವಲ್ಲ, ಸಾಲದ ಬಗ್ಗೆ ಮಾತುಕತೆಗೆ ಕೂರಬಹುದಾದ ಮೊದಲ ದಿನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂನಲ್ಲೂ ಇದೇ ನಿಯಮ ಮುಂದುವರಿದಿದೆ. ಕೊಲೆಗೆ ಶಿಕ್ಷೆ ಹೇಳುವ ಹಳೆಯ ಐಪಿಸಿ 302ರ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಇದೆ. ಶಿಕ್ಷೆ ಮಾತ್ರ ಹಳೆಯದೇ: ಗಲ್ಲು ಅಥವಾ ಜೀವಾವಧಿ. ಬೋಡಗುರ್ಕಿ, ಹಿರೇಕೋಡಿ ಎರಡೂ 2023ರ ಘಟನೆಗಳಾದ್ದರಿಂದ ಅವುಗಳಿಗೆ ಅನ್ವಯಿಸುವುದು ಹಳೆಯ ಐಪಿಸಿಯೇ.

ಕಾನೂನು ಹೀಗಿದ್ದರೂ ವ್ಯವಹಾರದಲ್ಲಿ 14 ವರ್ಷ ಮುಗಿದ ಕೈದಿಗಳ ಪಟ್ಟಿ ಸಿದ್ಧವಾಗುವುದು, ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಗುವುದು ರೂಢಿಯಾಯಿತು. ಕೊಲೆಯಾದವರ ಮನೆಯವರಿಗೆ ಇದು ಗೊತ್ತಾಗುತ್ತಿದ್ದದ್ದು ಎಷ್ಟೋ ಸಲ ಕೈದಿ ಊರಿಗೆ ಬಂದಿಳಿದ ಮೇಲೆಯೇ. ಉಸಿರಿರುವವರೆಗೂ ಜೈಲು ಎಂಬ ಹೊಸ ಶಿಕ್ಷೆ ಹುಟ್ಟಿದ್ದು ಈ ಅಂತರದಲ್ಲಿ. ಅದು ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಕರಣದಿಂದ.

ರಿಚ್‌ಮಂಡ್ ರಸ್ತೆಯ ಪ್ರಕರಣ

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೆರೆ 1991ರಲ್ಲಿ ಬೆಂಗಳೂರಿನಿಂದ ಕಣ್ಮರೆಯಾದರು. ಅವರ ಎರಡನೆಯ ಪತಿ ಮುರಳಿ ಮನೋಹರ ಮಿಶ್ರ, ಅಂದರೆ ತನ್ನನ್ನು ಸ್ವಾಮಿ ಶ್ರದ್ಧಾನಂದ ಎಂದು ಕರೆದುಕೊಳ್ಳುತ್ತಿದ್ದವನು, ಕೇಳಿದವರಿಗೆಲ್ಲ ಒಂದೊಂದು ನೆಪ ಹೇಳುತ್ತಾ ಬಂದ. ಬಿಡದೆ ಬೆನ್ನು ಹತ್ತಿದವರು ಶಕೆರೆಯವರ ಮಗಳು. 1994ರಲ್ಲಿ ರಿಚ್‌ಮಂಡ್ ರಸ್ತೆಯ ಅದೇ ಮನೆಯ ಅಂಗಳವನ್ನು ಅಗೆದಾಗ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಆಸ್ತಿಗಾಗಿ ಕೈಹಿಡಿದ ಹೆಂಡತಿಯನ್ನೇ ಕೊಂದು ಹೂತು, ಅದೇ ಮನೆಯಲ್ಲಿ ಆರಾಮವಾಗಿ ವಾಸವಾಗಿದ್ದ.

2005ರಲ್ಲಿ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. ನ್ಯಾ. ಮಾರ್ಕಂಡೇಯ ಕಾಟ್ಜು ಗಲ್ಲೇ ಸರಿ ಎಂದರು, ನ್ಯಾ. ಎಸ್.ಬಿ. ಸಿನ್ಹಾ ಬೇಡವೆಂದರು. ಹೀಗಾಗಿ ಪ್ರಕರಣ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2008ರ ಜುಲೈ 22ರಂದು ಆ ಪೀಠ ಗಲ್ಲನ್ನು ರದ್ದುಮಾಡಿ, ಉಳಿದ ಜೀವನವಿಡೀ ಬಿಡುಗಡೆಯಿಲ್ಲದ ಜೈಲು ಶಿಕ್ಷೆ ವಿಧಿಸಿತು.

ಪೀಠದ ತರ್ಕ ಗಮನಿಸಬೇಕಾದದ್ದು. ಕೆಲವು ಪ್ರಕರಣಗಳಲ್ಲಿ ಗಲ್ಲು ಹೆಚ್ಚಾಯಿತು ಎನಿಸುತ್ತದೆ, 14 ವರ್ಷಕ್ಕೆ ಬಿಡುವುದು ತೀರ ಕಡಿಮೆಯಾಯಿತು ಎನಿಸುತ್ತದೆ. ಈ ಎರಡೇ ದಾರಿ ಇದ್ದರೆ ನ್ಯಾಯಾಲಯ ಗಲ್ಲಿನ ಕಡೆಗೇ ವಾಲುವ ಅಪಾಯವಿದೆ. ಆದ್ದರಿಂದ ನಡುವಿನ ಒಂದು ದಾರಿ ಬೇಕು. 2015ರ ಡಿಸೆಂಬರ್‌ನಲ್ಲಿ, ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಬಿಡುಗಡೆಯ ವಿವಾದದಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 3-2 ಬಹುಮತದಿಂದ ಈ ನಡುದಾರಿಯನ್ನು ಒಪ್ಪಿತು. ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ವಿಧಿಸಬಹುದು ಎಂದೂ ಹೇಳಿತು. ಸಂವಿಧಾನದ 72 ಮತ್ತು 161ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರಕ್ಕೆ ಮಾತ್ರ ಯಾರೂ ಕೈಹಾಕುವಂತಿಲ್ಲ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಈ ಶಿಕ್ಷೆ ಬಂದದ್ದು ಕಠೋರತೆಯಿಂದಲ್ಲ. ಒಂದು ಜೀವವನ್ನು ಕುಣಿಕೆಯಿಂದ ಇಳಿಸುವುದಕ್ಕಾಗಿ ಬಂತು. ಅಹಿಂಸೆಯ ದೃಷ್ಟಿಯಿಂದ ಅದು ಒಂದು ಹೆಜ್ಜೆ ಮುಂದಕ್ಕೆ.

ಮೂವತ್ತು ವರ್ಷದ ದಾರಿ

ಕರ್ನಾಟಕದ ಇನ್ನೆರಡು ಪ್ರಕರಣಗಳು ಮತ್ತೊಂದು ದಾರಿ ತೋರಿಸುತ್ತವೆ. ಸರಣಿ ಅಪರಾಧಗಳಿಂದ ರಾಜ್ಯದ ಹೆಣ್ಣುಮಕ್ಕಳನ್ನು ಹೆದರಿಸಿದ್ದ ಉಮೇಶ್ ರೆಡ್ಡಿಗೆ 2006ರಲ್ಲಿ ಗಲ್ಲು ಶಿಕ್ಷೆಯಾಗಿತ್ತು. ಅದಾದ ಮೇಲೆ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹತ್ತು ವರ್ಷ ಒಂಟಿ ಸೆರೆಯಲ್ಲಿ ಇಡಲಾಗಿತ್ತು. ಅದು ಕಾನೂನುಬಾಹಿರ ಎಂದ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಆದರೆ 30 ವರ್ಷ ಮುಗಿಯುವವರೆಗೂ ಬಿಡುಗಡೆಯ ಅರ್ಜಿಯನ್ನೇ ಪರಿಗಣಿಸಬಾರದು ಎಂದು ಷರತ್ತು ಹಾಕಿತು.

ಎರಡನೆಯದು, ಬೆಂಗಳೂರಿನಲ್ಲಿ 2005ರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಹೊರಟ ಯುವತಿಯನ್ನು ಕ್ಯಾಬ್ ಚಾಲಕ ಕೊಂದ ಪ್ರಕರಣ. ಉಳಿದ ಆಯುಷ್ಯ ಪೂರ್ತಿ ಜೈಲು ಎಂದು ಕೆಳ ನ್ಯಾಯಾಲಯ ಬರೆದಿತ್ತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 30 ವರ್ಷಕ್ಕೆ ಬದಲಿಸಿತು. ಅದೇ ತೀರ್ಪಿನಲ್ಲಿ, ಗಲ್ಲಿನ ಪ್ರಶ್ನೆಯೇ ಇಲ್ಲದ ಪ್ರಕರಣದಲ್ಲೂ ಉನ್ನತ ನ್ಯಾಯಾಲಯಗಳು ಇಂಥ ದೀರ್ಘ ಶಿಕ್ಷೆ ವಿಧಿಸಬಹುದು ಎಂದಿತು. ಗಲ್ಲಿನಿಂದ ಇಳಿಸಲು ಕಟ್ಟಿದ ಏಣಿಯನ್ನು ಈಗ ಕೆಳಗಿನಿಂದ ಮೇಲಕ್ಕೆ ಏರಿಸಲೂ ಬಳಸಬಹುದು ಎಂದಾಯಿತು. ಈ ಬದಲಾವಣೆ ಸಣ್ಣದಲ್ಲ.

ಹೊರಗೆ ಬಿಡಬಾರದು ಎನ್ನುವವರ ವಾದ

ಸಾಯುವವರೆಗೂ ಜೈಲೇ ಸರಿ ಎನ್ನುವವರ ವಾದದಲ್ಲಿ ಹುರುಳಿದೆ. ಹೋದ ಜೀವ ಮರಳುವುದಿಲ್ಲ. ಕೊಂದವನು ಮಾತ್ರ ಮನೆಗೆ ಮರಳಿ, ಹಬ್ಬ ಮಾಡಿ, ಮೊಮ್ಮಕ್ಕಳನ್ನು ಆಡಿಸುವುದು ನ್ಯಾಯವೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ. ಮರ್ಯಾದೆಗೇಡು ಹತ್ಯೆಯ ವಿಷಯದಲ್ಲಂತೂ ಈ ವಾದಕ್ಕೆ ಇನ್ನೂ ತೂಕವಿದೆ. ಇಲ್ಲಿ ಕೊಲ್ಲುವವನು ಕೋಪದ ಕೈಗೆ ಸಿಕ್ಕ ಒಬ್ಬನೇ ಅಲ್ಲ, ಅವನ ಬೆನ್ನ ಹಿಂದೆ ಬೆನ್ನು ತಟ್ಟುವ ಜಾತಿಯ ಜನ ಇರುತ್ತಾರೆ. ಶಿಕ್ಷೆ ಹಗುರವಾದರೆ ಆ ಜನಕ್ಕೂ ಧೈರ್ಯ ಬರುತ್ತದೆ. ತಮಿಳುನಾಡಿನಲ್ಲಿ 2015ರಲ್ಲಿ ನಡೆದ ಗೋಕುಲರಾಜ್ ಹತ್ಯೆಯಲ್ಲಿ ಮುಖ್ಯ ಅಪರಾಧಿಗೆ 2022ರಲ್ಲಿ ಸಾಯುವವರೆಗೂ ಜೈಲು ಎಂದು ಮಧುರೈ ನ್ಯಾಯಾಲಯ ತೀರ್ಪು ನೀಡಿತು, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರಲ್ಲಿ ನಡೆದ ದಂಪತಿ ಹತ್ಯೆಗೆ ಜಿಲ್ಲಾ ನ್ಯಾಯಾಲಯ 2025ರ ಜನವರಿಯಲ್ಲಿ ನಾಲ್ವರಿಗೆ ಗಲ್ಲನ್ನೇ ವಿಧಿಸಿತು.

ಇನ್ನೊಂದು ಕಾರಣ ಅಪನಂಬಿಕೆ. 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳು ಅವಧಿಪೂರ್ವ ಬಿಡುಗಡೆ ಪಡೆದರು. ಹೊರಬಂದವರಿಗೆ ಹಾರ ಹಾಕಿ ಸಿಹಿ ಹಂಚಿದ್ದನ್ನು ದೇಶವೇ ನೋಡಿತು. ಆ ಬಿಡುಗಡೆ ಮಾಡುವ ಅಧಿಕಾರ ಗುಜರಾತ್ ಸರ್ಕಾರಕ್ಕೆ ಇರಲೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ಅದನ್ನು ರದ್ದುಮಾಡಿ, ಎಲ್ಲರನ್ನೂ ಮತ್ತೆ ಜೈಲಿಗೆ ಕಳಿಸಿತು. ಇಂಥದ್ದನ್ನು ನೋಡಿದ ಜನ ಬಿಡುಗಡೆಯ ಬಾಗಿಲನ್ನೇ ಮುಚ್ಚಿಬಿಡಿ ಎಂದರೆ ಆಶ್ಚರ್ಯವಿಲ್ಲ.

ಆದರೆ ಈ ಕೊನೆಯ ಕಾರಣವನ್ನು ತಿರುಗಿಸಿ ನೋಡಬೇಕು. ತಕ್ಕಡಿಯಲ್ಲಿ ಮೋಸವಿದೆ ಎಂದರೆ ತಕ್ಕಡಿ ಸರಿಪಡಿಸಬೇಕು, ತೂಗುವುದನ್ನೇ ನಿಲ್ಲಿಸುವುದಲ್ಲ. ಬಿಡುಗಡೆ ಮಾಡುವ ಪದ್ಧತಿ ಕೆಟ್ಟಿದ್ದರೆ ಸರಿಹೋಗಬೇಕಾದದ್ದು ಆ ಪದ್ಧತಿ.

ಜೈನ ದೃಷ್ಟಿ ಏನು ಹೇಳುತ್ತದೆ?

ಜೈನ ಆಚಾರ ಶಾಸ್ತ್ರ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ನೋಡುತ್ತದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕು. ತನ್ನನ್ನು, ತನ್ನವರನ್ನು ಕಾಪಾಡಿಕೊಳ್ಳಲು ಅನಿವಾರ್ಯವಾಗಿ ಆಗುವ ವಿರೋಧಿ ಹಿಂಸೆ ಗೃಹಸ್ಥನಿಗೆ ಪೂರ್ತಿ ತಪ್ಪಿದ್ದಲ್ಲ. ಈ ಅಳತೆಯಲ್ಲಿ ನೋಡಿದರೆ ಅಪಾಯಕಾರಿ ವ್ಯಕ್ತಿಯನ್ನು ಹಿಡಿದು ಕೂಡಿಹಾಕುವುದು ಸಮಾಜದ ರಕ್ಷಣೆಯ ಕೆಲಸ. ಆದರೆ ಕೈಕಾಲು ಕಟ್ಟಿ ನಿಲ್ಲಿಸಿದ, ಯಾರಿಗೂ ಏನೂ ಮಾಡಲಾಗದ ವ್ಯಕ್ತಿಯನ್ನು ದಿನ ಗೊತ್ತುಮಾಡಿ ಕೊಲ್ಲುವುದು ಸಂಕಲ್ಪಿ ಹಿಂಸೆಗೇ ಹತ್ತಿರ. ಗಲ್ಲು ಬೇಡ ಎನ್ನಲು ಶ್ರಾವಕನಿಗೆ ಇಷ್ಟು ಸಾಕು.

ಇದೇ ಅಳತೆಯನ್ನು ಸೆರೆವಾಸಕ್ಕೂ ಇಡಬೇಕಾಗುತ್ತದೆ. ರಕ್ಷಣೆಗಾಗಿ ಕೂಡಿಹಾಕುವುದು ಸರಿಯಾದರೆ, ರಕ್ಷಣೆಯ ಅಗತ್ಯ ಇನ್ನೂ ಇದೆಯೇ ಎಂದು ಆಗಾಗ ಕೇಳಲೇಬೇಕು. ಕೇಳುವುದೇ ಇಲ್ಲ ಎಂದು ಮೊದಲ ದಿನವೇ ಬರೆದಿಟ್ಟರೆ, ಅಲ್ಲಿ ಉಳಿಯುವುದು ಸೇಡು ಮಾತ್ರ.

ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆ ಜೈನ ಕಥೆಗಳ ಜೀವಾಳ. ಜನ್ನನ ಯಶೋಧರ ಚರಿತೆಯ ಮಾರಿದತ್ತ ರಾಜ ಮಾರಿಗೆ ನರಬಲಿ ಕೊಡಲು ಕತ್ತಿ ಹಿಡಿದು ನಿಂತವನು. ಬಲಿಯಾಗಬೇಕಿದ್ದ ಮಕ್ಕಳ ಮಾತು ಕೇಳಿ ಬದಲಾದ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಅಂತಕೃದ್ದಶಾಂಗದಲ್ಲಿ ಬರುವ ಅರ್ಜುನಮಾಲಿ ರಾಜಗೃಹದಲ್ಲಿ ದಿನಕ್ಕೆ ಏಳು ಜನರನ್ನು ಕೊಂದವನು. ಅವನೆದುರು ಹೆದರದೆ ನಿಂತವನು ಸುದರ್ಶನನೆಂಬ ಶ್ರೇಷ್ಠಿ, ಒಬ್ಬ ವ್ಯಾಪಾರಿ. ಬಳಿಕ ಭಗವಾನ್ ಮಹಾವೀರರಲ್ಲಿ ದೀಕ್ಷೆ ಪಡೆದ ಅರ್ಜುನಮಾಲಿ ಆಹಾರಕ್ಕೆ ಊರೊಳಗೆ ಹೋದಾಗ, ತಂದೆಯನ್ನು, ತಾಯಿಯನ್ನು, ಮಕ್ಕಳನ್ನು ಕಳೆದುಕೊಂಡವರು ಅವನನ್ನು ಬೈದರು, ಹೊಡೆದರು. ಅವನು ಎದುರಾಡದೆ ಸಹಿಸಿದ.

ಈ ಕಥೆಯನ್ನು ಕ್ಷಮೆಯ ಕಥೆ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಆದರೆ ಅದು ಕಳೆದುಕೊಂಡವರ ನೋವನ್ನು ಮುಚ್ಚಿಡುವುದಿಲ್ಲ, ಅವರ ಬಾಯಿ ಮುಚ್ಚಿಸುವುದೂ ಇಲ್ಲ. ಬದಲಾದವನು ಅವರೆದುರು ಹಾದುಹೋಗಲೇಬೇಕು. ಇಂದಿನ ಬಿಡುಗಡೆ ಪದ್ಧತಿಯಲ್ಲಿ ಇಲ್ಲದಿರುವುದು ಇದೇ. ಕೊಂದವನ ಸನ್ನಡತೆಯ ವರದಿ ಕಡತದಲ್ಲಿರುತ್ತದೆ, ಕಳೆದುಕೊಂಡವರ ಮಾತು ಇರುವುದಿಲ್ಲ. ಇನ್ನೊಂದು ಮಾತೂ ಇದೆ. ಕ್ಷಮಿಸುವುದು ನೊಂದವರ ಧರ್ಮ. ಅವರ ಪರವಾಗಿ ಸರ್ಕಾರ ಕ್ಷಮಿಸಿಬಿಡುವುದು, ಊರಿನ ಹಿರಿಯರು ಕ್ಷಮಿಸಿ ಎಂದು ಒತ್ತಾಯಿಸುವುದು ಉತ್ತಮ ಕ್ಷಮೆಯಲ್ಲ.

ಬಾಗಿಲೇ ಇಲ್ಲದ ಜೈಲು

ಶ್ರದ್ಧಾನಂದ ಈಗ ಎಂಬತ್ತು ದಾಟಿದ ಮುದುಕ. ಮೂವತ್ತು ವರ್ಷಗಳ ಸೆರೆವಾಸದಲ್ಲಿ ಒಂದು ದಿನದ ಪೆರೋಲೂ ಸಿಕ್ಕಿಲ್ಲ, ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳೇ 2022ರಲ್ಲಿ ಹೊರಬಂದಿದ್ದಾರೆ ಎಂದು 2024ರಲ್ಲಿ ಸುಪ್ರೀಂ ಕೋರ್ಟಿಗೆ ಬಿಡುಗಡೆ ಕೋರಿ ಅರ್ಜಿ ಹಾಕಿದ. ನ್ಯಾಯಾಲಯ ಆ ಅರ್ಜಿಯನ್ನು ಪುರಸ್ಕರಿಸಲಿಲ್ಲ. ಅವನ ಬಗ್ಗೆ ಮರುಕ ಹುಟ್ಟದಿದ್ದರೆ ಅದು ಸಹಜ. ಆದರೂ ಪ್ರಶ್ನೆ ಉಳಿಯುತ್ತದೆ. ಸಾವು ಬಿಟ್ಟು ಬೇರೇನೂ ಕಾಯಲು ಇಲ್ಲದ ಕೈದಿ ಒಳ್ಳೆಯವನಾಗಲು ಕಾರಣವೇನು? ಅವನನ್ನು ಕಾಯುವ ಜೈಲು ಸಿಬ್ಬಂದಿಗೆ, ಜೊತೆಯ ಕೈದಿಗಳಿಗೆ ರಕ್ಷಣೆ ಏನು?

ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಬ್ರಿಟನ್ನಿನ ಮೂವರು ಕೈದಿಗಳ ಪ್ರಕರಣದಲ್ಲಿ 2013ರಲ್ಲಿ ಹೇಳಿದ್ದೂ ಇದನ್ನೇ. ಜೀವನಪೂರ್ತಿ ಜೈಲಿನಲ್ಲಿಡುವುದು ತಪ್ಪಲ್ಲ. ಆದರೆ ಮುಂದೆಂದೋ ಒಂದು ದಿನ ಮರುಪರಿಶೀಲನೆ ಆಗಬಹುದೆಂಬ ಆಸೆಯನ್ನೂ ಕಸಿಯುವುದು ಅಮಾನುಷ. ನಾರ್ವೆ ದೇಶದಲ್ಲಿ 2011ರಲ್ಲಿ 77 ಜನರನ್ನು ಕೊಂದವನಿಗೆ ವಿಧಿಸಿದ್ದು 21 ವರ್ಷ. ಆದರೆ ಅವಧಿ ಮುಗಿದಾಗಲೂ ಅವನು ಅಪಾಯಕಾರಿ ಎಂದು ಕಂಡುಬಂದರೆ ಸೆರೆವಾಸವನ್ನು ಮುಂದುವರಿಸುತ್ತಾ ಹೋಗಬಹುದು. ಕಡೆಗೆ ಅವನು ಹೊರಬರದೇ ಇರಬಹುದು. ವ್ಯತ್ಯಾಸ ಇಷ್ಟೇ: ಅಲ್ಲಿ ಪ್ರತಿ ಸಲವೂ ಕಾರಣ ಕೊಟ್ಟು ಒಳಗಿಡಬೇಕು.

ಬೋಡಗುರ್ಕಿಯಂಥ ಪ್ರಕರಣಕ್ಕೆ ಇದನ್ನು ಅನ್ವಯಿಸಿ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಜಾತಿಯ ಅಭಿಮಾನಕ್ಕೆ ಮಗಳನ್ನು ಕೊಂದವನೆಂದು ಸಾಬೀತಾದ ತಂದೆ ಯಾರೇ ಇರಲಿ, ಹದಿನಾಲ್ಕು ವರ್ಷಕ್ಕೆ ಹೊರಬಂದು ಅದೇ ಊರಿನ ಜಗಲಿಯಲ್ಲಿ ಮೀಸೆ ತಿರುವುತ್ತಾ ಕೂರುವಂತಾದರೆ ಅದು ಮುಂದಿನ ಹೆಣ್ಣುಮಗಳಿಗೆ ಬೆದರಿಕೆ. ಅದೇ ವ್ಯಕ್ತಿ ಮೂವತ್ತು ವರ್ಷದ ಬಳಿಕ, ಎಪ್ಪತ್ತೆಂಬತ್ತರ ವಯಸ್ಸಿನಲ್ಲಿ, ಮಾಡಿದ್ದನ್ನು ಬಹಿರಂಗವಾಗಿ ತಪ್ಪೆಂದು ಹೇಳಿ ತಲೆತಗ್ಗಿಸಿ ಹೊರಬಂದರೆ ಅದು ಬೇರೆಯೇ ಪಾಠ. ಇವೆರಡರಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ತೀರ್ಪಿನ ದಿನವೇ ಯಾವ ನ್ಯಾಯಾಧೀಶರೂ ತಿಳಿಯಲಾರರು.

ಬೇಕಾಗಿರುವುದೇನು?

ಆದ್ದರಿಂದ ಉತ್ತರ ಎರಡು ತುದಿಗಳ ನಡುವೆ ಇದೆ. ಮೊದಲನೆಯದು, ಗಲ್ಲು ಬೇಡ. ಎರಡನೆಯದು, ಘೋರ ಕೊಲೆಗಳಿಗೆ 14 ವರ್ಷದ ರೂಢಿಯೂ ಬೇಡ. 25 ಅಥವಾ 30 ವರ್ಷದ ಖಚಿತ ಕನಿಷ್ಠ ಅವಧಿ ತೀರ್ಪಿನಲ್ಲೇ ಬರಲಿ. ಮೂರನೆಯದು, ಆ ಅವಧಿ ಮುಗಿದ ಮೇಲೆ ಮರುಪರಿಶೀಲನೆ ಕಡ್ಡಾಯವಾಗಲಿ, ಬಿಡುಗಡೆ ಕಡ್ಡಾಯವಾಗುವುದು ಬೇಡ. ಅಪಾಯ ಉಳಿದಿದ್ದರೆ ಅವನು ಕೊನೆಯ ಉಸಿರಿನವರೆಗೂ ಒಳಗೇ ಇರಲಿ, ಆದರೆ ಕಾರಣ ಬರೆದಿಡಲಿ. ನಾಲ್ಕನೆಯದು, ಕೊಲೆಯಾದವರ ಕುಟುಂಬಕ್ಕೆ ಮುಂಚಿತವಾಗಿ ನೋಟಿಸ್ ಕೊಟ್ಟು ಅವರ ಮಾತನ್ನು ದಾಖಲಿಸದೆ ಯಾವ ಬಿಡುಗಡೆಯೂ ಆಗಬಾರದು. ಚುನಾವಣೆ, ಜಾತಿ, ಪಕ್ಷ ಯಾವುದೂ ಆ ಕಡತದ ಹತ್ತಿರ ಸುಳಿಯಬಾರದು.

ಸಮಾಜ ಬಾಂಧವರು ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ಕೊಲೆಯಾದ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ, ವರ್ಷ ಕಳೆದ ಮೇಲೆ ಯಾರೂ ಇರುವುದಿಲ್ಲ. ಕರ್ನಾಟಕದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಜಾರಿಯಲ್ಲಿದೆ. ಪ್ರತಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇದಕ್ಕೆ ಅರ್ಜಿ ಸಲ್ಲಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಉಚಿತ ವಕೀಲರ ನೆರವೂ ಸಿಗುತ್ತದೆ. ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ. ಊರೂರಿನ ಸಂಘ, ಯುವಕ ಮಂಡಳ, ಮಹಿಳಾ ಸಮಾಜಗಳು ಜಾತಿ ನೋಡದೆ ಅಂಥ ಮನೆಗೆ ಹೋಗಿ ಒಂದು ಅರ್ಜಿ ಬರೆದುಕೊಟ್ಟರೆ, ವಿಚಾರಣೆಯ ದಿನ ನ್ಯಾಯಾಲಯಕ್ಕೆ ಜೊತೆಯಲ್ಲಿ ಹೋದರೆ, ಅದೇ ಜೀವದಯೆ. ಕೊಂದವನಿಗೆ ಎಷ್ಟು ವರ್ಷ ಎಂಬುದನ್ನು ನ್ಯಾಯಾಲಯ ನಿರ್ಧರಿಸುತ್ತದೆ. ಉಳಿದವರನ್ನು ಕೈಹಿಡಿದು ನಡೆಸುವ ಹೊಣೆ ನಮ್ಮ ಸಮಾಜದ್ದು.